ಬಾಣಂತಿ ಇರುವ ವಿಳಾಸ

ಅವತ್ತು ನಮ್ಮ ಕೋಣೆಯಲ್ಲಿ ಐದು ಜನ ಇದ್ದೆವು, ಕುರ್ಚಿ ಮಾತ್ರ ಮೂರು. ಕಿಟಕಿ ಪಕ್ಕದ ದೊಡ್ಡ ಕುರ್ಚಿಯಲ್ಲಿ ನಮ್ಮ ಮೇಲಧಿಕಾರಿ ಮಹಾದೇವಯ್ಯನವರು. ಎದುರಿಗೆ ಹಿರುತ್, ಇಥಿಯೋಪಿಯಾದ ಹುಡುಗಿ, ತುಂಬಿದ ಬಸುರಿ. ಅವಳ ಪಕ್ಕದಲ್ಲಿ, ಯಾರೂ ಕೂರಿ ಎನ್ನುವ ಮೊದಲೇ ಕೂತುಬಿಟ್ಟಿದ್ದವರು ಜಯಮ್ಮ. ಮಲ್ಲತ್ತಹಳ್ಳಿಯಲ್ಲಿ ಹಿರುತ್‌ಗೂ ಅವಳ ಗಂಡನಿಗೂ ತಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದವರು. ಗಂಡ ದಾವಿತ್ ಗೋಡೆಗೆ ಒರಗಿ ನಿಂತಿದ್ದ. ಅವನು ನಮ್ಮಲ್ಲಿ ಮಣ್ಣಿನ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಬೀರುವಿಗೆ ಒರಗಿ ನಿಂತಿದ್ದವಳು ನಾನು.

ನಾನೆಂದರೆ ರತ್ನಮ್ಮ, ಕುರುಬರಹಳ್ಳಿಯವಳು. ನಾಗರಬಾವಿಯ ಆಚೆಗಿರುವ ಒಂದು ಸಂಶೋಧನಾ ಸಂಸ್ಥೆಯ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿದ್ದು ನಿವೃತ್ತಳಾದೆ. ಸಂಸ್ಥೆಯ ಹೆಸರು ಬೇಡ. ಅಲ್ಲಿ ಈಗಲೂ ನನಗೆ ಕಾಫಿ ಕೊಡುತ್ತಾರೆ. ವಿಭಾಗವೆಂದರೆ ದೊಡ್ಡದೇನಲ್ಲ. ಮಹಾದೇವಯ್ಯನವರು ಮತ್ತು ನಾನು, ಅಷ್ಟೇ. ಬೇರೆ ದೇಶಗಳಿಂದ ಓದಲು ಬಂದವರ ವೀಸಾ, ನೋಂದಣಿ, ಅವರ ಜೊತೆ ಬಂದ ಹೆಂಡತಿ ಮಕ್ಕಳ ಕಾಗದಪತ್ರ, ಎಲ್ಲವೂ ನಮ್ಮ ಮೇಜಿನ ಮೇಲಿಂದಲೇ ಹಾದುಹೋಗುತ್ತಿತ್ತು.

ಜಯಮ್ಮ ಸೀದಾ ವಿಷಯಕ್ಕೆ ಬಂದರು.

"ಸಾರ್, ಈ ಹುಡ್ಗೀಗೆ ಚೊಚ್ಚಲು. ಇವರಮ್ಮ ಬರ್ಬೇಕು. ಸ್ವಲ್ಪ ಕರೆಸ್ಕೊಡಿ."

"ನಾವು ಕರೆಸೋದಲ್ಲಮ್ಮ. ಅವರಿಗೆ ವೀಸಾ ಆಗ್ಬೇಕು," ಎಂದರು ಮಹಾದೇವಯ್ಯ.

"ಮಾಡ್ಕೊಡಿ ಮತ್ತೆ. ಈ ಹುಡ್ಗೀಗೆ ಮಾಡ್ಕೊಟ್ಟಿದೀರಲ್ಲ."

"ಇವ್ರು ಹೆಂಡ್ತಿ. ಓದೋಕ್ಕೆ ಬಂದೋರ ಜೊತೆ ಗಂಡನೋ ಹೆಂಡ್ತಿನೋ, ಮಕ್ಕಳೋ ಬರ್ಬೋದು. ರೂಲ್ ಪ್ರಕಾರ ಅಷ್ಟೇ ಕುಟುಂಬ. ತಾಯಿ ಅದರಲ್ಲಿ ಬರಲ್ಲ."

ಜಯಮ್ಮ ನನ್ನ ಕಡೆ ತಿರುಗಿದರು. "ಏನ್ ಮೇಡಂ ಇವ್ರು ಹಿಂಗಂತಾರೆ? ತಾಯಿ ಕುಟುಂಬ ಅಲ್ವಂತಾ?" ಮತ್ತೆ ಅತ್ತ ತಿರುಗಿ, "ಸಾರ್, ತಪ್ಪು ತಿಳ್ಕೋಬೇಡಿ, ನಿಮ್ಮನೆಯವರ ಚೊಚ್ಚಲ ಬಾಣಂತನ ಯಾರು ಮಾಡಿದ್ದು?"

"ನಮ್ಮತ್ತೆ. ಅವರ ಮನೇಲಿ."

"ಹಂಗನ್ನಿ ಮತ್ತೆ."

ಮಹಾದೇವಯ್ಯನವರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಉತ್ತರ ಹೊಳೆಯದಾಗಲೆಲ್ಲ ಕನ್ನಡಕ ಕೊಳೆಯಾಗುತ್ತಿತ್ತು. ಪ್ರವಾಸಿ ವೀಸಾದಲ್ಲಿ ತಾಯಿ ಬಂದು ನೋಡಿಕೊಂಡು ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ ಎಂದು ನಾನು ಹೇಳಿದೆ. ದಾವಿತ್ ತನಗೆ ಬರುವ ಅರೆ ಕನ್ನಡದಲ್ಲಿ, "ಅಮ್ಮಂಗೆ ಪಾಸ್‌ಪೋರ್ಟ್ ಇಲ್ಲ ಮೇಡಂ. ಊರಿಂದ ಕ್ಯಾಪಿಟಲ್‌ಗೆ ಬಸ್ಸು, ಆಮೇಲೆ ಬಸ್ಸು, ಆಮೇಲೆ ಆಫೀಸು. ಅಷ್ಟ್ರಲ್ಲಿ ಮಗು ನಡೆಯುತ್ತೆ," ಎಂದ.

ಹಿರುತ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಮ್ಮೆಲ್ಲರ ಮುಖಗಳನ್ನೂ ಸರದಿಯಂತೆ ನೋಡುತ್ತಿದ್ದಳು. ಜಯಮ್ಮ ಅವಳ ತೋಳು ಹಿಡಿದು ಎಬ್ಬಿಸಿದರು.

"ಬಾ ಕಣೇ. ನಿಮ್ಮಮ್ಮ ಬರದಿದ್ರೆ ಏನಂತೆ, ನಾವೇನೋ ಮಾಡ್ಕೋತೀವಿ."

ಏನು ಮಾಡಿಕೊಳ್ಳುತ್ತಾರೆಂದು ನಾವಿಬ್ಬರೂ ಕೇಳಲಿಲ್ಲ. ಮನೆ ಓನರ್ ಒಬ್ಬರು ಬಾಡಿಗೆಯವಳಿಗೆ ಸ್ವಲ್ಪ ಸಾರು, ಸ್ವಲ್ಪ ಬಿಸಿನೀರು ಕೊಡುವುದರ ಮಾತೆಂದುಕೊಂಡೆವು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗೀಗ ಮನೆಗೆ ಬಂದು, "ಮೇಡಂ, ಈ ಫ್ಯಾಮಿಲಿ ವೀಸಾ ಒಂದ್ ಅರ್ಥ ಮಾಡ್ಸಿ," ಎನ್ನುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು. ಓದಲು ಬಂದವರದು ಒಂದು ವೀಸಾ. ಅವರ ಜೊತೆ ಬಂದ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳದು ಎಂಟ್ರಿ ವೀಸಾ. ಬಳ್ಳಿಗೆ ಕಾಯಿ ಭಾರವಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇಲ್ಲಿ ಮಾತ್ರ ಬಳ್ಳಿ ಒಣಗಿದ ದಿನವೇ ಕಾಯಿಯೂ ಉದುರುತ್ತದೆ. ಓದುವವನ ಅವಧಿ ಮುಗಿದರೆ ಹೆಂಡತಿ ಮಕ್ಕಳದೂ ಮುಗಿಯಿತು. ಅವನದು ಮುಂದುವರಿದರೆ ಇವರದೂ ತಾನಾಗಿ ಮುಂದುವರಿಯುತ್ತದೆಯೇ ಎಂದರೆ, ಇಲ್ಲ. ಬೇರೆ ಅರ್ಜಿ, ಬೇರೆ ಪರಿಶೀಲನೆ. ಉದುರುವಾಗ ಒಟ್ಟಿಗೆ, ಬೆಳೆಯುವಾಗ ಬೇರೆ ಬೇರೆ. ಎಲ್ಲಿ ವಾಸವಿದ್ದಾರೆಂದು ಮನೆ ಕೊಟ್ಟವರು ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆ ಸಿ ಫಾರ್ಮ್ ಎನ್ನುತ್ತಾರೆ. ಜೊತೆಯಲ್ಲಿ ಬಂದವರು ಕೆಲಸಕ್ಕೆ ಹೋಗುವ ಹಾಗಿಲ್ಲ. ಇದು ನನಗೆ ತಿಳಿದದ್ದು. ತಿಳಿಯದೆ ಉಳಿದದ್ದು ಇದಕ್ಕಿಂತ ಬಹಳ.

ಮಹಾದೇವಯ್ಯನವರಿಗೂ ಅಷ್ಟೇ. ಒಂದು ಸುತ್ತೋಲೆ ಬಂದರೆ ಅವರು ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ, ಮತ್ತೆ ನಿಧಾನವಾಗಿ ಬೆರಳಿಟ್ಟು ಓದುತ್ತಿದ್ದರು. ಓದಿ ಮುಗಿಸಿ ತಲೆಯೆತ್ತಿ, "ಅಂದ್ರೇನಮ್ಮಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನನಗೆ ತಿಳಿದಿದ್ದರೆ ತಾನೇ! ಆ ಸುತ್ತೋಲೆ ಅದಕ್ಕೂ ಹಿಂದಿನ ಸುತ್ತೋಲೆಯನ್ನು ನೋಡು ಎನ್ನುತ್ತಿತ್ತು. ಹಿಂದಿನದು ಇನ್ನೂ ಹಿಂದಿನದನ್ನು. ಹೀಗೆ ಹೋಗುತ್ತಾ ಹೋಗುತ್ತಾ ಊಟದ ಹೊತ್ತಾಗುತ್ತಿತ್ತು.

ಒಮ್ಮೆ ವಿಯೆಟ್ನಾಮಿನಿಂದ ಒಬ್ಬ ಹೆಣ್ಣುಮಗಳು ಸಂಶೋಧನೆಗೆ ಬಂದಳು. ಜೊತೆಗೆ ಗಂಡ. ಅವನ ಅರ್ಜಿಯಲ್ಲಿ ಅವಲಂಬಿತ ಎಂದು ಬರೆದಿದ್ದನ್ನು ನೋಡಿ ಮಹಾದೇವಯ್ಯನವರು ಪೆನ್ನು ಕೆಳಗಿಟ್ಟರು.

"ರತ್ನಮ್ಮ, ಗಂಡ ಹೆಂಡ್ತೀಗೆ ಅವಲಂಬಿತ ಹೆಂಗಾಗ್ತಾನಮ್ಮಾ?"

"ನಮ್ಮನೇಲಿ ಆಗಿದಾರಲ್ಲ ಸಾರ್. ಕಾಫಿ ಡಬ್ಬ ಎಲ್ಲಿದೆ ಅಂತ ಇಲ್ಲಿಗೇ ಫೋನ್ ಮಾಡ್ತಾರೆ."

ಅವರು ನಕ್ಕು ಸಹಿ ಹಾಕಿದರು. ಕೆಲವು ತಿಂಗಳಾದ ಮೇಲೆ ಅದೇ ಗಂಡನ ವಿಷಯ ಮತ್ತೆ ಬಂತು. ಆತ ನಾಗರಬಾವಿಯ ತನ್ನ ಬೀದಿಯ ಮಕ್ಕಳಿಗೆ ಸಂಜೆ ಬ್ಯಾಡ್ಮಿಂಟನ್ ಹೇಳಿಕೊಡುತ್ತಿದ್ದನಂತೆ. ಮಕ್ಕಳ ತಾಯಂದಿರು ಬಾಳೆಹಣ್ಣು, ಕೋಡುಬಳೆ, ಹಬ್ಬ ಬಂದರೆ ಒಬ್ಬಟ್ಟು ಕೊಡುತ್ತಿದ್ದರಂತೆ. ಆತನೇ ಹೆದರಿಕೊಂಡು ನಮ್ಮಲ್ಲಿಗೆ ಬಂದು, ಇದು ಕೆಲಸವೇ, ಅಲ್ಲವೇ ಎಂದು ಕೇಳಿದ. ನಾವು ಸುತ್ತೋಲೆ ತೆಗೆದೆವು. ಅದರಲ್ಲಿ ಸಂಬಳದ ಮಾತಿತ್ತು, ಬಾಳೆಹಣ್ಣಿನ ಮಾತಿರಲಿಲ್ಲ. ಮಹಾದೇವಯ್ಯನವರು ಬಹಳ ಹೊತ್ತು ಯೋಚಿಸಿ, "ಒಂದು ಚಿಪ್ಪು ಆದ್ರೆ ಪರ್ವಾಗಿಲ್ಲ. ಗೊನೆ ಕೊಟ್ರೆ ಬಂದ್ ಕೇಳು," ಎಂದು ತೀರ್ಪು ಕೊಟ್ಟರು. ಆ ತೀರ್ಪು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಆತ ಮಾತ್ರ ಆಟ ನಿಲ್ಲಿಸಿ ಮನೆಯೊಳಗೆ ಕೂತ. ಬೀದಿಯ ಮಕ್ಕಳು ನಮ್ಮನ್ನು ಬೈದುಕೊಂಡಿರಬೇಕು.

ಆಗಿನ ಕಾಲದಲ್ಲಿ ಕೆಲಸವೆಲ್ಲ ಕೈಯಲ್ಲಿ. ವಿದ್ಯಾರ್ಥಿಯನ್ನೂ ಸಂಸಾರವನ್ನೂ ಕರೆದುಕೊಂಡು ವಿದೇಶಿಯರ ನೋಂದಣಿ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ಬಿಸಿಲಲ್ಲಿ ಕೂಸುಗಳು ಅಳುತ್ತಿದ್ದವು. ಕಿಟಕಿಯಾಚೆ ಕೂತವರು ಗದರಿಸುತ್ತಿದ್ದರು, ಆದರೆ ಯಾವ ಕಾಗದ ಕಡಿಮೆ ಎಂದು ಗದರಿಸುವಾಗಲೇ ಹೇಳಿಬಿಡುತ್ತಿದ್ದರು. ಆಮೇಲೆ ಎಲ್ಲವೂ ಆನ್‌ಲೈನ್ ಆಯಿತು. ಸಾಲು ಹೋಯಿತು, ಬಿಸಿಲೂ ಹೋಯಿತು. ಕಂಪ್ಯೂಟರು ಗದರಿಸುವುದಿಲ್ಲ, ದಾಖಲೆ ಸರಿಯಿಲ್ಲ ಎನ್ನುತ್ತದೆ. ಯಾವ ದಾಖಲೆ, ಏನು ಸರಿಯಿಲ್ಲ ಎಂದು ಕೇಳಿದರೆ ಸುಮ್ಮನೆ ಮಿನುಗುತ್ತದೆ. ಯಾವುದು ಮೇಲು ಎಂದು ಹುಡುಗರು ಕೇಳುತ್ತಾರೆ. ನನ್ನ ಕಾಲುನೋವಿಗೆ ಕಂಪ್ಯೂಟರೇ ಮೇಲು, ತಲೆನೋವಿಗೆ ಸಾಲೇ ಮೇಲು.

ದಾವಿತ್ ಮತ್ತು ಹಿರುತ್‌ರ ಅವಧಿ ವಿಸ್ತರಣೆಗೆ ನಾವು ಹಾಕಿದ್ದೂ ಆನ್‌ಲೈನ್ ಅರ್ಜಿಯನ್ನೇ. ಆಗಷ್ಟೇ ಹಿರುತ್‌ಗೆ ಹೆಣ್ಣುಮಗು ಹುಟ್ಟಿತ್ತು. ಸೆಲಾಮ್ ಎಂದು ಹೆಸರಿಟ್ಟಿದ್ದೇವೆಂದು ದಾವಿತ್ ಮೈಸೂರುಪಾಕು ತಂದುಕೊಟ್ಟಿದ್ದ. ಅವನ ವಿಸ್ತರಣೆ ಬೇಗ ಬಂತು. ಹಿರುತ್‌ದು ಬರಲಿಲ್ಲ. ಅವಳ ಹಳೆಯ ಅನುಮತಿ ಮುಗಿಯುವ ದಿನ ಹತ್ತಿರವಾಗುತ್ತಿತ್ತು. ನಾನು ದಿನಾ ಬೆಳಗ್ಗೆ ಬಂದವಳೇ ದೇವರಿಗೆ ಕೈಮುಗಿದ ಹಾಗೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಒಂದು ದಿನ ಉತ್ತರ ಬಂತು. ವಿಳಾಸಕ್ಕೆ ಪೊಲೀಸರು ಹೋಗಿ ನೋಡಿದ್ದಾರೆ, ಸದರಿ ಮಹಿಳೆ ಅಲ್ಲಿ ವಾಸವಿಲ್ಲ. ವಿವರಣೆ ಕೊಡಿ, ಇಲ್ಲವಾದರೆ ಅರ್ಜಿ ಮುಗಿಸಲಾಗುವುದು, ಆಕೆ ದೇಶ ಬಿಡಲು ಸಿದ್ಧವಾಗಬೇಕು.

ಓದಿದ ಕೂಡಲೇ ದಾವಿತ್‌ನನ್ನು ಕರೆಸಿದೆ.

"ಏನಪ್ಪಾ ಇದು? ಹಿರುತ್ ಎಲ್ಲಿದಾಳೆ?"

"ಕೆಂಗೇರಿ," ಎಂದ.

"ಕೆಂಗೇರೀಲೇನು?"

"ತವರು."

ಮಹಾದೇವಯ್ಯನವರು ಕನ್ನಡಕಕ್ಕೆ ಕೈಹಾಕಿದರು. "ಇಥಿಯೋಪಿಯಾದವಳಿಗೆ ಕೆಂಗೇರೀಲಿ ತವರು ಎಲ್ಲಿಂದ ಬಂತಯ್ಯಾ?"

"ಜಯಮ್ಮ ಆಂಟಿ ಕೊಟ್ರು ಸಾರ್."

ಆಮೇಲೆ ಒಂದೊಂದಾಗಿ ಹೊರಬಿತ್ತು. ಜಯಮ್ಮ ಹಿರುತ್‌ಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಸೀಮಂತ ಮಾಡಿದ್ದರು. ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿ ಆಗಬಾರದು, ತವರಿಲ್ಲದ ಹೆಣ್ಣಿಗೆ ನನ್ನ ತವರೇ ತವರು ಎಂದು ಕೆಂಗೇರಿಯಲ್ಲಿದ್ದ ತಮ್ಮ ತಾಯಿಯ ಮನೆಗೆ ಕರೆದುಕೊಂಡು ಹೋಗಿ ಬಿಟ್ಟಿದ್ದರು. ಮಲ್ಲತ್ತಹಳ್ಳಿಯ ಆ ಬಾಡಿಗೆ ಮಹಡಿ ಅವರ ಲೆಕ್ಕದಲ್ಲಿ ಹಿರುತ್‌ಳ ಗಂಡನ ಮನೆ. ಪೊಲೀಸರು ಬಂದಾಗ ಅಲ್ಲಿದ್ದವರು ಜಯಮ್ಮನ ಅತ್ತೆ ಒಬ್ಬರೇ. ಆ ಮುದುಕಮ್ಮ ಬಾಗಿಲಲ್ಲೇ ನಿಂತು, "ಅವ್ಳು ಇಲ್ಲಿಲ್ಲ ಕಣಪ್ಪ, ಬಾಣಂತನ ಮುಗಿದ್ಮೇಲೆ ಬಾ," ಎಂದಿದ್ದರು. ಪೊಲೀಸಿನವರು ಇಲ್ಲಿಲ್ಲ ಎನ್ನುವುದನ್ನು ಬರೆದುಕೊಂಡು ಹೋಗಿದ್ದರು. ಅವರದೇನೂ ತಪ್ಪಿಲ್ಲ. ಇರಲಿಲ್ಲ ತಾನೇ?

ಆ ಸಂಜೆಯೇ ನಾನು ಕೆಂಗೇರಿಗೆ ಹೋದೆ. ಹಳೇ ಊರಿನ ಒಳಗೆ, ಎದುರಿಗೆ ಕಟ್ಟೆ ಇರುವ ಮನೆ. ಜಯಮ್ಮನ ತಾಯಿ ನಿಂಗಮ್ಮನವರು, ಒಣಗಿದ ಹುಣಸೆಕೊಂಬೆಯಂಥ ಮುದುಕಿ, ಕಾಲು ತೊಳೆಯುವ ತನಕ ನನ್ನನ್ನು ಒಳಗೆ ಬಿಡಲಿಲ್ಲ. ಒಳಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಮಂಚದ ಮೇಲೆ ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಹಿರುತ್ ಕೂತಿದ್ದಳು. ಮಗ್ಗುಲಲ್ಲಿ ಕೂಸು. ತಟ್ಟೆಯಲ್ಲಿ ರಾಗಿಮುದ್ದೆ, ಅದರ ನಡುವೆ ಕುಳಿ ಮಾಡಿ ತುಪ್ಪ ಹಾಕಿದ್ದಳು.

"ನೋಡಮ್ಮ ಇವಳಾಟ," ಎಂದರು ನಿಂಗಮ್ಮ. "ಮುದ್ದೆಗೆ ಬಾವಿ ತೋಡ್ತಾಳೆ."

"ನಮ್ಮೂರಲ್ಲೂ ಮಗು ಆದ್ಮೇಲೆ ಹಿಂಗೇ ಕೊಡ್ತಾರೆ," ಎಂದಳು ಹಿರುತ್, ಜಯಮ್ಮನ ಮನೆಯಲ್ಲಿ ಕಲಿತ ಕನ್ನಡದಲ್ಲಿ. ಆಮೇಲೆ ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ ಕೇಳಿದಳು: "ಮೇಡಂ, ನಾನು ಮಗು ಎತ್ಕೊಂಡು ಒಬ್ಳೇ ಹೋಗ್ಬೇಕಾ? ಈ ಮಗೂಗೆ ಪಾಸ್‌ಪೋರ್ಟ್ ಇಲ್ಲ ಇನ್ನೂ. ದಾವಿತ್ ಬಂದ್ರೆ ಓದು ಹೋಗುತ್ತೆ. ಬರದಿದ್ರೆ ನಾವಿಬ್ರೇ. ನಾನು ಏನ್ ತಪ್ಪು ಮಾಡ್ದೆ?"

ಏನೂ ಇಲ್ಲ ಕಣಮ್ಮ ಎಂದೆ. ಅವಳನ್ನು ಇವತ್ತೇ ಮಲ್ಲತ್ತಹಳ್ಳಿಗೆ ವಾಪಸು ಕಳಿಸಿಬಿಡಿ, ಪೊಲೀಸರನ್ನು ಮತ್ತೊಮ್ಮೆ ಕರೆಸೋಣ ಎಂದು ನಿಂಗಮ್ಮನವರಿಗೆ ಹೇಳಿದೆ.

"ಹಸಿ ಬಾಣಂತಿನಾ? ಮೂರು ತಿಂಗಳು ತುಂಬದೆ ಹೊಸ್ಲು ದಾಟ್ಸಲ್ಲ. ಗಾಳಿ ಸೋಕಿ ಕೂಸಿಗೇನಾದ್ರೂ ಆದ್ರೆ ನಿಮ್ ಸರ್ಕಾರ ಹಾಲು ಕುಡ್ಸುತ್ತಾ?"

"ಅಜ್ಜಿ, ಇವ್ಳು ಇಲ್ಲಿರೋದಕ್ಕೇ ಇವ್ಳನ್ನ ದೇಶದಿಂದ ಕಳಿಸ್ತೀವಿ ಅಂತಿದಾರೆ."

"ಅದ್ಹೆಂಗೆ? ಇದು ದೇಶ ಅಲ್ವಾ? ಕೆಂಗೇರಿ ಎಲ್ಲಿಗೆ ಹೋಯ್ತು?"

ವಾಪಸು ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ಯೋಚಿಸಿದೆ. ಮಲ್ಲತ್ತಹಳ್ಳಿಗೆ ಕರೆತಂದರೆ ನಿಯಮ ಉಳಿಯುತ್ತದೆ, ನಿಂಗಮ್ಮನ ಶಾಪ ತಟ್ಟುತ್ತದೆ. ಅಲ್ಲೇ ಬಿಟ್ಟರೆ ಬಾಣಂತನ ಉಳಿಯುತ್ತದೆ, ವೀಸಾ ಹೋಗುತ್ತದೆ. ಮನೆಗೆ ಬಂದು ನಮ್ಮವರಿಗೆ ಹೇಳಿದರೆ ಅವರು, "ಎರಡೂ ಸರಿ," ಎಂದು ಪೇಪರ್ ತಿರುವಿದರು.

ವಿವರಣೆ ಕೊಡಲು ನೋಂದಣಿ ಕಚೇರಿಗೆ ನಾಲ್ಕು ಜನ ಹೋದೆವು: ಮಹಾದೇವಯ್ಯನವರು, ದಾವಿತ್, ನಾನು, ಬೇಡವೆಂದರೂ ಬಂದ ಜಯಮ್ಮ. ಅಧಿಕಾರಿ ಒಬ್ಬ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ಕಾಗದಗಳನ್ನೆಲ್ಲ ತಾಳ್ಮೆಯಿಂದ ನೋಡಿ ಜಯಮ್ಮನನ್ನು ಕೇಳಿದರು:

"ಹಿರುತ್ ನಿಮಗೇನಾಗ್ಬೇಕು?"

"ಮಗಳು."

"ಮಗಳು?"

"ಮಡ್ಲು ತುಂಬಿದೀನಿ. ಮಗಳೇ."

"ನೀವು ಮನೆ ಓನರ್ ಅಂತ ಇಲ್ಲಿದೆಯಲ್ಲ?"

"ಅದೂ ಹೌದು."

ಅಧಿಕಾರಿ ನೆಟ್ಟಗೆ ಕೂತರು. "ನೋಡಿ, ವಿದೇಶದವರು ಮನೆ ಬದ್ಲಾಯಿಸಿದ್ರೆ ತಿಳಿಸ್ಬೇಕು. ಯಾಕೆ ತಿಳಿಸ್ಲಿಲ್ಲ?"

"ಮೇಡಂ, ಮನೆ ಎಲ್ಲಿ ಬದ್ಲಾಯಿಸಿದ್ಲು? ತವರಿಗೆ ಹೋಗಿದಾಳೆ. ನೀವು ನಿಮ್ಮ ತಾಯಿ ಮನೆಗೆ ಹೋಗೋವಾಗ ಸರ್ಕಾರಕ್ಕೆ ಹೇಳ್ಬಿಟ್ ಹೋಗ್ತೀರಾ?"

ಆ ಹೆಣ್ಣುಮಗಳಿಗೆ ನಗು ಬಂದಿತ್ತು, ತಡೆದುಕೊಂಡರು. ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ನಮ್ಮ ಮಹಾದೇವಯ್ಯನವರಿಗೆ ಅದೇ ಹೊತ್ತಿನಲ್ಲಿ ಒಂದು ಸಂಶಯ ಬಂತು. ಬಂದ ಸಂಶಯವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

"ಮೇಡಂ, ಒಂದು ಮಾತು. ಈ ವೀಸಾ ಕೊಡೋದು ಗಂಡನ ಜೊತೆ ಬಂದಿರೋರಿಗೆ. ಗಂಡ ಒಂದು ಮನೇಲಿ, ಹೆಂಡ್ತಿ ಇನ್ನೊಂದು ಮನೇಲಿ ಇದ್ರೆ, ಜೊತೇಲಿದಾರೆ ಅಂತಾನಾ, ಇಲ್ಲ ಅಂತಾನಾ?"

ನಾನು ಅವರ ಕಾಲು ತುಳಿದೆ. ತಡವಾಗಿತ್ತು. ಅಧಿಕಾರಿಯ ಮುಖ ಗಂಭೀರವಾಯಿತು. ದಾವಿತ್ ಕಡೆ ತಿರುಗಿದರು.

"ನೀವಿಬ್ರೂ ಜೊತೆಗಿದೀರಾ, ಇಲ್ವಾ?"

"ಜೊತೆಗಿದೀವಿ ಮೇಡಂ. ಆದ್ರೆ ಬಿಡಲ್ಲ."

"ಯಾರು ಬಿಡಲ್ಲ?"

ಅವನು ಜಯಮ್ಮನನ್ನು ತೋರಿಸಿದ. "ಭಾನುವಾರ ಮಾತ್ರ ಬಿಡ್ತಾರೆ. ಊಟ ಹಾಕ್ತಾರೆ, ತುಂಬಾ. ಆಮೇಲೆ ಹೋಗು ಅಂತಾರೆ."

"ಅಳಿಯ ಅಂದ್ಮೇಲೆ ಅಷ್ಟೇ ಮೇಡಂ," ಎಂದರು ಜಯಮ್ಮ. "ಬಾಣಂತಿ ಮನೇಲಿ ಗಂಡಸು ಟಿಕಾಣಿ ಹಾಕ್ತಾನಾ? ಪಾಪ, ಒಳ್ಳೇ ಹುಡುಗ, ಹೇಳಿದ್ ಮಾತು ಕೇಳ್ತಾನೆ. ಅದ್ಕೇ ಹಿಂಗಾಯ್ತು ಅಂದ್ರೆ ಏನ್ ಮಾಡೋದು? ಕಳಿಸ್ಲೇಬೇಕು ಅಂದ್ರೆ ನನ್ನ ಕಳ್ಸಿ. ಕೂಸನ್ನ ಮಾತ್ರ ಕಳಿಸ್ಬೇಡಿ."

ಇಷ್ಟು ಹೇಳುವಾಗ ಅವರ ದನಿ ಒಡೆಯಿತು. ನಾಲಿಗೆ ಚುರುಕಿನ ಆ ಹೆಂಗಸು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಒಳ್ಳೆಯದು ಮಾಡಲು ಹೋಗಿ ಹೀಗಾಯಿತಲ್ಲ ಎಂದು ಅವರಿಗೆ ಅಲ್ಲಿಯ ತನಕ ಹೊಳೆದಿರಲಿಲ್ಲವೆಂದು ಕಾಣುತ್ತದೆ.

ಅಧಿಕಾರಿ ಒಳಗೆ ಹೋದರು. ತಮ್ಮ ಮೇಲಿನವರನ್ನು ಕೇಳಿದರೋ, ಸುತ್ತೋಲೆ ಹುಡುಕಿದರೋ, ಬರುವುದಕ್ಕೆ ಬಹಳ ಹೊತ್ತಾಯಿತು. ಬಂದವರು ಹೇಳಿದ್ದಿಷ್ಟು: ತಡವಾಗಿ ತಿಳಿಸಿದ್ದಕ್ಕೆ ಕಾರಣ ಬರೆದುಕೊಡಿ. ಕೆಂಗೇರಿ ಮನೆಯಿಂದ ಹೊಸ ಸಿ ಫಾರ್ಮ್ ಬರಲಿ. ಪೊಲೀಸರು ಅಲ್ಲಿಗೆ ಹೋಗಿ ನೋಡಲಿ. ತಾಯಿ ಮಗು ಅಲ್ಲಿದ್ದರೆ ಅರ್ಜಿ ಮುಂದಕ್ಕೆ ಹೋಗುತ್ತದೆ. ಅಲ್ಲೂ ಇಲ್ಲವೆಂದು ಬಂದರೆ ನನ್ನ ಕೈಯಲ್ಲಿ ಏನೂ ಇಲ್ಲ.

"ಮತ್ತೆ ಜೊತೆಯಲ್ಲಿರೋ ವಿಷಯ ಮೇಡಂ?" ಎಂದು ಮಹಾದೇವಯ್ಯನವರು ಬಾಯಿ ತೆಗೆಯುವಷ್ಟರಲ್ಲಿ ನಾನು ಅವರ ತೋಳು ಹಿಡಿದು ಎಬ್ಬಿಸಿದೆ.

ಕೆಂಗೇರಿಯ ಸಿ ಫಾರ್ಮ್ ತುಂಬಲು ಕೂತರೆ ಇನ್ನೊಂದು ಗೊಂದಲ. ಆ ಫಾರ್ಮು ನಿಂಗಮ್ಮನವರನ್ನು ಹೋಟೆಲಿನವರ ಸಾಲಿಗೆ ಸೇರಿಸಿ ಕೇಳುತ್ತಿತ್ತು. ಅತಿಥಿ ಯಾವಾಗ ಹೊರಡುತ್ತಾರೆ ಎಂಬ ಕಡೆ ಬಂದಾಗ ಫೋನ್ ಮಾಡಿ ಅವರನ್ನೇ ಕೇಳಿದೆ. "ಮೂರನೇ ತಿಂಗ್ಳು ತುಂಬ್ಲಿ. ಸಮ ತಿಂಗ್ಳಲ್ಲಿ ಕಳ್ಸಲ್ಲ. ಮಂಗಳವಾರ ಶುಕ್ರವಾರ ಕಳ್ಸಲ್ಲ. ಅಮಾವಾಸ್ಯೆ ಹತ್ರ ಬಂದ್ರೆ ಆಮೇಲೆ ನೋಡಣ," ಎಂದರು. ಅಷ್ಟೆಲ್ಲ ಬರೆಯಲು ಅಲ್ಲಿ ಜಾಗವಿರಲಿಲ್ಲ. ಪಂಚಾಂಗ ನೋಡಿ ಅಂದಾಜಿನಲ್ಲಿ ಒಂದು ದಿನ ಹಾಕಿದೆ.

ಪೊಲೀಸಿನವರು ಬಂದ ದಿನ ನಾನೂ ಅಲ್ಲಿದ್ದೆ, ನಂಬಿಕೆಯಿಲ್ಲದೆ ರಜೆ ಹಾಕಿ ಹೋಗಿದ್ದೆ. ನಡುವಯಸ್ಸಿನ ಹೆಡ್ ಕಾನ್‌ಸ್ಟೆಬಲ್, ಸಮಾಧಾನದ ಮನುಷ್ಯ. ನಿಂಗಮ್ಮ ಬಾಗಿಲಿಗೆ ಅಡ್ಡ ನಿಂತರು.

"ಪೊಲೀಸ್ ಆದ್ರೇನು, ಕಾಲು ತೊಳ್ಕೊಂಡ್ ಬಾಪ್ಪ."

ಆತ ಬೂಟು ಬಿಚ್ಚಿ, ಕಾಲು ತೊಳೆದು, ಟೋಪಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಹಿರುತ್‌ಳನ್ನು ನೋಡಿದರು, ಪಾಸ್‌ಪೋರ್ಟ್ ನೋಡಿದರು, ಕೂಸನ್ನು ನೋಡಿದರು. ಆಮೇಲೆ ಜೇಬಿನಿಂದ ಮೊಬೈಲು ತೆಗೆದರು.

"ಫೋಟೋ ಬೇಡ," ಎಂದರು ನಿಂಗಮ್ಮ. "ಹಸಿ ಬಾಣಂತಿ, ದೃಷ್ಟಿ ಆಗುತ್ತೆ."

"ಅಜ್ಜಿ, ಫೋಟೋ ಇಲ್ದಿದ್ರೆ ಇವ್ರು ಇಲ್ಲಿದಾರೆ ಅಂತ ಮೇಲಿನೋರು ಹೆಂಗ್ ನಂಬ್ತಾರೆ?"

"ನೀನು ಕಣ್ಣಾರೆ ನೋಡ್ದಲ್ಲ, ಹೋಗ್ ಹೇಳು."

"ನನ್ ಮಾತು ನಂಬೋ ಹಂಗಿದ್ರೆ ನಂಗೆ ಮೊಬೈಲ್ ಯಾಕ್ ಕೊಡ್ತಿದ್ರು?"

ನಿಂಗಮ್ಮ ಜಗ್ಗಲಿಲ್ಲ. ಆತ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ಈ ಮನುಷ್ಯ ಎದ್ದು ಹೋಗಿ ಸಹಕರಿಸಲಿಲ್ಲ ಎಂದು ಒಂದು ಸಾಲು ಬರೆದರೆ ತಾಯಿ ಮಗು ಇಬ್ಬರೂ ವಿಮಾನ ಹತ್ತಬೇಕು. ಹಾಗೆಂದು ನಿಂಗಮ್ಮನಿಗೆ ಹೇಳಿದೆ, ಬೇಡಿಕೊಂಡೆ. ಅಷ್ಟರಲ್ಲಿ ಹಿರುತ್ ತಾನೇ ಮಂಚದಿಂದ ಇಳಿದು ಬಂದಳು. ನಿಂಗಮ್ಮನ ಮುಂದೆ ನಿಂತು, ತನ್ನ ಕೆನ್ನೆ ತೋರಿಸಿ, "ಅಜ್ಜಿ, ಕಪ್ಪು ಹಚ್ಚು," ಎಂದಳು.

ಮುದುಕಿ ಒಳಗಿನಿಂದ ಕಾಡಿಗೆ ತಂದು ತಾಯಿಗೆ ಕೆನ್ನೆಯ ಮೇಲೆ, ಕೂಸಿಗೆ ಕೆನ್ನೆ, ಹಣೆ, ಅಂಗಾಲು ಮೂರಕ್ಕೂ ದೊಡ್ಡ ದೊಡ್ಡ ಬೊಟ್ಟಿಟ್ಟರು. "ಈಗ ತಕ್ಕೋ ಹೋಗು. ಒಂದೇ," ಎಂದರು. ಆತ ಒಂದೇ ತೆಗೆದರು. ಹೋಗುವಾಗ ಮಗುವಿನ ಕಡೆ ನೋಡಿ ಏನೋ ಹೇಳಲು ಹೋಗಿ, ನಿಂಗಮ್ಮನ ಮುಖ ಕಂಡು ಸುಮ್ಮನಾದರು.

ಆ ಫೋಟೋವನ್ನು ಯಾರು ನೋಡಿದರೋ, ತಲೆಗೆ ಬಟ್ಟೆ ಕಟ್ಟಿ ಕೆನ್ನೆಗೆ ಕಪ್ಪು ಬಳಿದುಕೊಂಡವಳನ್ನು ಪಾಸ್‌ಪೋರ್ಟಿನವಳ ಜೊತೆ ಹೇಗೆ ಹೋಲಿಸಿದರೋ ತಿಳಿಯದು. ಹಳೆಯ ಅನುಮತಿ ಮುಗಿಯುವ ಮುನ್ನಾದಿನ ಬೆಳಗ್ಗೆ ನಾನು ಕಂಪ್ಯೂಟರು ತೆರೆದಾಗ ಹಿರುತ್‌ಳ ವಿಸ್ತರಣೆ ಬಂದಿತ್ತು. ಗಂಡನ ಅವಧಿ ಇರುವ ತನಕ. ಮಹಾದೇವಯ್ಯನವರನ್ನು ಕರೆದೆ. ಅವರು ಅದನ್ನು ಮನಸ್ಸಿನಲ್ಲಿ ಓದಿದರು, ಗಟ್ಟಿಯಾಗಿ ಓದಿದರು, ಬೆರಳಿಟ್ಟು ಓದಿದರು. "ಕೊಟ್ಟಿದಾರೆ ಅಂತ ತಾನೇ ಅರ್ಥ?" ಎಂದರು. ಹೌದು ಸಾರ್ ಎಂದೆ. "ಯಾವ ರೂಲ್ ಪ್ರಕಾರ?" ಎಂದರು. ನನಗೆ ಗೊತ್ತಿರಲಿಲ್ಲ. ಕೇಳಲೂ ಹೋಗಲಿಲ್ಲ.

ಮೂರನೇ ತಿಂಗಳು ತುಂಬಿದ ಮೇಲೆ, ಒಂದು ಸೋಮವಾರ, ಹಿರುತ್ ಮಡಿಲಕ್ಕಿ ಕಟ್ಟಿಕೊಂಡು ಮಲ್ಲತ್ತಹಳ್ಳಿಗೆ ವಾಪಸು ಬಂದಳು. ಈ ಸಲ ಜಯಮ್ಮ ಅವಳನ್ನು ಕರೆತರುವ ಮೊದಲೇ ನನಗೆ ಫೋನ್ ಮಾಡಿ, "ಮೇಡಂ, ಗಂಡನ ಮನೆಗೆ ಬರ್ತಾ ಇದಾಳೆ, ಸರ್ಕಾರಕ್ಕೆ ಹೇಳ್ಬಿಡಿ," ಎಂದರು. ಮಗುವಿಗೆ ಅವರ ದೇಶದ ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟ್ ತರಿಸಿ, ಅದಕ್ಕೊಂದು ವೀಸಾ ಮಾಡಿಸುವುದರಲ್ಲಿ ಮತ್ತಷ್ಟು ತಿಂಗಳು ಹೋದವು. ಅಷ್ಟರಲ್ಲಿ ನಾನು ನಿವೃತ್ತಳಾದೆ.

ದಾವಿತ್‌ನ ಪಿಎಚ್‌ಡಿ ಮುಗಿದು ಅವರು ಹೊರಟಾಗ ಮಗುವಿಗೆ ಮಾತು ಬಂದಿತ್ತು. ವಿಮಾನ ನಿಲ್ದಾಣಕ್ಕೆ ಜಯಮ್ಮನ ಮನೆಯವರೆಲ್ಲ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗಿದ್ದರು. ನಾನು ಮೊಣಕಾಲುನೋವಿನಿಂದ ಹೋಗಿರಲಿಲ್ಲ. ಒಳಗೆ ಏನಾಯಿತೆಂದು ಆಮೇಲೆ ದಾವಿತ್ ಫೋನ್ ಮಾಡಿ ಹೇಳಿದ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಮಗುವಿನ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ದೇಶದೊಳಗೆ ಬಂದ ಮುದ್ರೆ ಕಾಣದೆ, "ಈ ಮಗು ಇಂಡಿಯಾಕ್ಕೆ ಯಾವಾಗ ಬಂತು?" ಎಂದು ಕೇಳಿದರಂತೆ.

"ಬಂದಿಲ್ಲ ಸಾರ್," ಎಂದನಂತೆ ದಾವಿತ್. "ಇಲ್ಲೇ ಇತ್ತು."

ಅಧಿಕಾರಿ ಜನನ ಪತ್ರ ನೋಡಿ, ಇನ್ನೊಬ್ಬರನ್ನು ಕರೆದು ತೋರಿಸಿ, ಕಡೆಗೆ ಮುದ್ರೆ ಒತ್ತಿದರು. ಮೂವರೂ ಒಟ್ಟಿಗೆ ಒಳಗೆ ಹೋದರು.